ನಿಮ್ಮದೇ ವಿಷಯ, ಸ್ವಲ್ಪ ಹೊರಗೆ ಕೂತ್ಕಳಿ: ಬಳ್ಳಾರಿಯ ಒಂದು ವಸತಿ ಸಮಿತಿ ಪ್ರಕರಣ

ಕಾಲೋನಿ ಹೆಸರು, ಸಂಸ್ಥೆ ಹೆಸರು, ಜನರ ಹೆಸರು ಯಾವ್ದೂ ಇಲ್ಲಿ ಬರಲ್ಲ, ಮೊದ್ಲೇ ಹೇಳಿಬಿಡ್ತೀನಿ. ಹೆಸರು ಹಾಕಿದ್ರೆ ಓದೋರ ಸಿಟ್ಟೆಲ್ಲ ಆ ಇಬ್ರು ಮೂವರ ಮೇಲೆ ಹೋಗಿ ಕೂರುತ್ತೆ, ಮುಖ್ಯವಾದ ಪ್ರಶ್ನೆ ಅಲ್ಲೇ ಬಿದ್ದಿರುತ್ತೆ. ಪ್ರಶ್ನೆ ಇಷ್ಟೇ: ಸರ್ಕಾರಿ ವಸತಿ ಸಮಿತಿಲಿ ನಿವಾಸಿಗಳ ಕಡೆಯಿಂದ ಒಬ್ರನ್ನ ಕೂರಿಸಿದೀರಿ, ಆಮೇಲೆ ಬಾಡಿಗೆ, ನಿರ್ವಹಣಾ ಶುಲ್ಕದ ವಿಷಯ ಬಂದ ತಕ್ಷಣ "ಇದು ನಿಮ್ಮ ಸ್ವಂತ ಹಿತಾಸಕ್ತಿ" ಅಂತ ಅವ್ರನ್ನೇ ಎಬ್ಬಿಸಿ ಹೊರಗೆ ಕಳಿಸಬಹುದಾ? ನನ್ನ ಪ್ರಕಾರ ಕಳಿಸೋಹಂಗಿಲ್ಲ, ಆದ್ರೆ ಯಾವಾಗ ಕಳಿಸಬಹುದು ಅನ್ನೋದೂ ಈ ಪ್ರಕರಣದೊಳಗೇ ಐತೆ, ಅದಕ್ಕೇ ಪೂರ್ತಿ ಬರೀತಿದೀನಿ.

ಹಿನ್ನೆಲೆ

ಕಾಲೋನಿ ಬಳ್ಳಾರಿ ಊರ ಅಂಚಲ್ಲಿ ಐತೆ. ಜಿ ಪ್ಲಸ್ 3 ಬ್ಲಾಕುಗಳು, ಒಂದೊಂದು ಮನೆಗೆ ಒಂದು ಹಾಲು, ಒಂದು ರೂಮು, ಅಡಿಗೆಗೆ ಒಂದಿಷ್ಟು ಜಾಗ. ನಾಲೆ ದಂಡೆ ಮೇಲೆ, ರಸ್ತೆ ಬದೀಲಿ ಗುಡಿಸಲು ಹಾಕ್ಕೊಂಡಿದ್ದ ಕುಟುಂಬಗಳನ್ನ ಎಬ್ಬಿಸಿ ಇಲ್ಲಿಗೆ ತಂದಿದ್ದು. ಹೆಣ್ಮಕ್ಕಳು ಹೆಚ್ಚಿನೋರು ಜೀನ್ಸ್ ಯೂನಿಟ್ಟುಗಳಿಗೆ ಹೋಗ್ತಾರೆ, ಹೊಲಿಗೆ ಬರೋರು ಮಿಷನ್ ಮೇಲೆ, ಬರ್ದೇ ಇರೋರು ದಾರ ಕತ್ತರಿಸೋಕೆ. ಗಂಡಸರದ್ದು ಹಮಾಲಿ, ಆಟೋ, ಗಾರೆ ಕೆಲಸ.

ಸರ್ಕಾರಿ ವಸತಿ ಸಂಸ್ಥೆ ಮನೆ ಕೊಟ್ಟಿರೋದು ಲೀಸ್ ಕಂ ಸೇಲ್ ಲೆಕ್ಕದಲ್ಲಿ. ಕಂತು ಪೂರ್ತಿ ಕಟ್ಟಿ, ಅವಧಿ ಮುಗಿದು, ಕ್ರಯಪತ್ರ ಕೈಗೆ ಬರೋವರೆಗೂ ಮನೆ ಸಂಸ್ಥೆದೇ, ಒಳಗಿರೋರು ಗುತ್ತಿಗೆದಾರರು, ಅಂದ್ರೆ ಹೆಚ್ಚುಕಮ್ಮಿ ಬಾಡಿಗೆದಾರರೇ. ಇದು ಬಾಳ ಜನಕ್ಕೆ ಗೊತ್ತೇ ಇಲ್ಲ, "ನಮ್ಮನೆ" ಅಂತ ಬಾಲ್ಕನಿಗೆ ಗ್ರಿಲ್ಲು ಹಾಕಿಸ್ತಾರೆ, ನೋಟಿಸ್ ಬಂದಾಗ್ಲೇ ಗೊತ್ತಾಗೋದು.

ಮನೆಗಳ ಮೇಲೆ ಒಂದು ನಿರ್ವಹಣಾ ಸಮಿತಿ ಐತೆ. ಅಧ್ಯಕ್ಷರು ಸಂಸ್ಥೆಯ ಎಂಜಿನಿಯರ್ ಸಾಹೇಬ್ರು, ಜೊತೆಗೆ ಲೆಕ್ಕಪತ್ರದೋರು, ಪಾಲಿಕೆ ನೀರು ಸರಬರಾಜಿನ ಕಡೆಯೋರು, ಒಂದು ಎನ್‌ಜಿಓದೋರು, ಕಡೇ ಸಾಲಲ್ಲಿ "ನಿವಾಸಿ ಪ್ರತಿನಿಧಿ, ಒಬ್ಬರು". ತಿಂಗಳ ಶುಲ್ಕ ಎಷ್ಟು, ಮೋಟಾರ್ ರಿಪೇರಿ ಯಾರಿಗೆ, ಪಿಟ್ ಕ್ಲೀನ್ ಮಾಡೋ ಗಾಡಿ ಯಾವಾಗ, ಬಾಕಿ ಇರೋರಿಗೆ ನೋಟಿಸ್ ಕೊಡೋದಾ ಬೇಡವಾ, ಎಲ್ಲ ಇಲ್ಲೇ ತೀರ್ಮಾನ. ನಾನು ಆ ಕಾಲೋನಿಯೋನಲ್ಲ, ಅಲ್ಲಿನ ಸಂಘದೋರಿಗೆ ಅರ್ಜಿ, ಲೆಕ್ಕ ಬರ್ಕೊಡ್ತೀನಿ, ಹಂಗಾಗಿ ಕಾಗದ ಎಲ್ಲ ನನ್ನ ಕೈ ದಾಟಿಯೇ ಹೋಗಿದಾವೆ.

ಮೊದಲನೇ ಪ್ರತಿನಿಧಿ ಒಬ್ಬ ಯಜಮಾನ. ಅವರನ್ನ ನಿವಾಸಿಗಳು ಆರಿಸಿದ್ದಲ್ಲ, ಏರಿಯಾ ಲೀಡರ್ ಒಬ್ರು ಹೆಸರು ಕೊಟ್ರು, ಸಂಸ್ಥೆ ಹಾಕ್ಕೊಂಡ್ತು. ಸ್ವಲ್ಪ ದಿನ ಆದ್ಮೇಲೆ ಗೊತ್ತಾಗಿದ್ದು ಅವರು ಅಲ್ಲಿ ಇರ್ತಾನೇ ಇಲ್ಲ, ಮನೇನ ಬೇರೆಯೋರಿಗೆ ಬಾಡಿಗೆ ಕೊಟ್ಟು ಊರೊಳಗಡೆ ಸ್ವಂತ ಮನೇಲಿದಾರೆ. ಅದಕ್ಕಿಂತ ದೊಡ್ಡದು ಇನ್ನೊಂದು, ಸಂಪಿನ ಮೋಟಾರ್ ಪ್ರತಿ ಬೇಸಿಗೇಲಿ ಸುಡ್ತಿತ್ತು, ರೀವೈಂಡಿಂಗ್ ಕೆಲಸ ಪ್ರತಿ ಸಲ ಅವರ ಬಾಮೈದನ ಅಂಗಡಿಗೇ ಹೋಗ್ತಿತ್ತು, ಆ ಬಿಲ್ಲು ಪಾಸ್ ಮಾಡೋ ಮೀಟಿಂಗಲ್ಲಿ ಇವರೂ ಕೂತು ಸೈನ್ ಹಾಕ್ತಿದ್ರು. ಗಲಾಟೆ ಆಯ್ತು, ಸಂಸ್ಥೆ ಅವರನ್ನ ತೆಗೀತು. ತೆಗೆದಿದ್ದು ಸರಿ. ಆದ್ರೆ ಆ ಗಲಾಟೆಯಿಂದ ಆಫೀಸಿನೋರು ಕಲ್ತ ಪಾಠ ಏನಪ್ಪಾ ಅಂದ್ರೆ, ನಿವಾಸಿ ಪ್ರತಿನಿಧಿ ಅಂದ್ರೆ ಸ್ವಹಿತ ಇಟ್ಕೊಂಡು ಬರೋ ಮನುಷ್ಯ, ದುಡ್ಡಿನ ವಿಷಯದಲ್ಲಿ ದೂರ ಇಡ್ಬೇಕು. ಮುಂದಿನ ತಕರಾರಿಗೆಲ್ಲ ಬೀಜ ಬಿದ್ದಿದ್ದು ಇಲ್ಲೇ.

ಎರಡನೇ ಸಲ ಜನ ಸುಮ್ನಿರ್ಲಿಲ್ಲ, ಓವರ್‌ಹೆಡ್ ಟ್ಯಾಂಕ್ ಕೆಳಗೆ ಸೇರಿ ಬ್ಲಾಕ್ ಬ್ಲಾಕಿಗೂ ಕೈ ಎತ್ತಿಸಿ ಒಬ್ಬ ಹೆಣ್ಮಗಳನ್ನ ಆರಿಸಿದ್ರು. ಜೀನ್ಸ್ ಯೂನಿಟ್ಟಲ್ಲಿ ಪೀಸ್ ರೇಟ್ ಮೇಲೆ ಹೊಲಿಯೋರು, ಹತ್ತನೇ ಕ್ಲಾಸ್ ಓದಿದಾರೆ, ನೀರಿನ ಜಗಳದಲ್ಲಿ ಯಾವತ್ತೂ ಮುಂದೆ. ಇಲ್ಲಿ ಅವರನ್ನ ಅಕ್ಕ ಅಂತಾನೇ ಕರೀತೀನಿ, ಕಾಲೋನಿಲಿ ಎಲ್ರೂ ಹಂಗೇ ಕರಿಯೋದು.

ಆ ದಿನದ ಮೀಟಿಂಗು

ಮೀಟಿಂಗ್ ಇಟ್ಟಿದ್ದು ಕೆಲಸದ ದಿನ ಬೆಳಗ್ಗೆ 11.30ಕ್ಕೆ. ಆಫೀಸಿನೋರಿಗೆ ಅದು ಅನುಕೂಲದ ಟೈಮು, ಪೀಸ್ ರೇಟಿನೋರಿಗೆ ಅರ್ಧ ದಿನದ ಬಟವಾಡೆ ಹೋಯ್ತು ಅಂತ ಅರ್ಥ. ಅಕ್ಕ ಸೂಪರ್‌ವೈಸರ್ ಹತ್ರ ಬೈಸ್ಕೊಂಡು ಬಂದ್ರು. ಒಳಗೆ ಹೋದ ತಕ್ಷಣ ಹಾಜರಿ ಪುಸ್ತಕ ಮುಂದಿಟ್ಟರು, ಸೈನ್ ಹಾಕಿದ್ರು. ಅಜೆಂಡಾ ಅನ್ನೋದು ಅಲ್ಲೇ ಕೈಗೆ ಕೊಟ್ಟ ಒಂದು ಹಾಳೆ, ಅದೂ ಇಂಗ್ಲಿಷಲ್ಲಿ.

ಮೊದಲ ಮೂರು ವಿಷಯ ಸಣ್ಣವು, ಕಸ, ಬೀದಿ ಲೈಟು, ಹಿಂದಿನ ಮೀಟಿಂಗ್ ನಡಾವಳಿ ಓದಿ ಒಪ್ಪಿದ್ದು. ನಾಲ್ಕನೇದು ತಿಂಗಳ ನಿರ್ವಹಣಾ ಶುಲ್ಕ 150 ರೂಪಾಯಿಂದ 300 ರೂಪಾಯಿ ಮಾಡೋದು. ಐದನೇದು ಮೋಟಾರುಗಳಿಗೆ ವರ್ಷದ ರಿಪೇರಿ ಗುತ್ತಿಗೆ. ನಾಲ್ಕನೇ ವಿಷಯಕ್ಕೆ ಬಂದಾಗ ಸಾಹೇಬ್ರು ಅಂದ್ರಂತೆ, "ನೋಡಮ್ಮ, ಇದು ನೀವು ದುಡ್ಡು ಕಟ್ಟೋ ವಿಷಯ, ನಿಮ್ಮದೇ ವಿಷಯ. ಹಿಂದಿನೋರ ಕಥೆ ಗೊತ್ತೈತಲ್ಲ, ಆಮೇಲೆ ನಮ್ಮ ಮೇಲೆ ಬರುತ್ತೆ. ಸ್ವಲ್ಪ ಹೊರಗೆ ಕೂತ್ಕಳಿ, ಕರೀತೀವಿ." ಗದರಿಸಿ ಹೇಳಿದ್ದಲ್ಲ, ಮರ್ಯಾದೆಯಾಗೇ ಹೇಳಿದ್ರು ಅಂತ ಅಕ್ಕನೇ ಹೇಳ್ತಾರೆ. ಎದ್ದು ಹೋಗಿ ವರಾಂಡದ ಬೆಂಚ್ ಮೇಲೆ ಕೂತ್ರು. ವಾಪಸ್ ಕರ್ದಾಗ ಆರನೇ ವಿಷಯ ನಡೀತಿತ್ತು.

ಒಂದು ವಾರದೊಳಗೆ ಪ್ರತಿ ಬ್ಲಾಕಿನ ಮೆಟ್ಟಿಲ ಹತ್ರ ನೋಟಿಸ್ ಅಂಟಿಸಿದ್ರು. ಶುಲ್ಕ 300 ರೂಪಾಯಿ ಅನ್ನೋದಕ್ಕಿಂತ ಜನಕ್ಕೆ ಚುಚ್ಚಿದ್ದು ಅದರ ಮೇಲಿನ ಸಾಲು, "ನಿವಾಸಿ ಪ್ರತಿನಿಧಿಯನ್ನೊಳಗೊಂಡಂತೆ ಹಾಜರಿದ್ದ ಎಲ್ಲಾ ಸದಸ್ಯರ ಸರ್ವಾನುಮತದ ತೀರ್ಮಾನದಂತೆ". ಅವತ್ತು ಸಂಜೆ ಅಕ್ಕ ಕೆಲಸದಿಂದ ಬಂದು ಟಿಫನ್ ಡಬ್ಬಿ ಕೆಳಗಿಟ್ಟಿಲ್ಲ, ಮೆಟ್ಟಿಲ ಮೇಲೆ ಹಿಡ್ಕೊಂಡ್ರು. "ಯಕ್ಕ, ಅಲ್ಲಿ ಸೈನ್ ಹಾಕಿ ಬಂದು ನಮ್ಮ ಮುಂದೆ ಏನೂ ಗೊತ್ತಿಲ್ದೋರ ಥರ ಓಡಾಡ್ತೀಯಾ?" ಅಂತ ಒಬ್ಬಾಕೆ. "ಟೀ ಬಿಸ್ಕೆಟ್ ಕೊಟ್ರೇನೋ" ಅಂತ ಇನ್ನೊಬ್ಬ. ನಾನು ಹೊರಗಿದ್ದೆ ಕಣ್ರೀ ಅಂದ್ರೆ ಯಾರು ನಂಬ್ತಾರೆ, ಕಾಗದದಲ್ಲಿ ಒಳಗಿದಾರಲ್ಲ.

ಇಡೀ ಪ್ರಕರಣದ ಕೀಲಿ ಈ ಹಾಜರಿ ಸಹಿಯಲ್ಲೇ ಐತೆ. ಸಹಿ ತಗೊಂಡಿದ್ದು ಮೀಟಿಂಗ್ ಶುರುವಾಗೋಕೆ ಮುಂಚೆ. ಎದ್ದು ಹೋಗಿದ್ದು, ವಾಪಸ್ ಬಂದಿದ್ದು ಎಲ್ಲೂ ಬರೆದಿಲ್ಲ. ಹಂಗಾಗಿ ಯಾವ ತೀರ್ಮಾನಕ್ಕೆ ಅವರ ಹಿತಾಸಕ್ತಿ ಅಡ್ಡಿ ಅಂತ ಹೊರಗೆ ಕಳಿಸಿದ್ರೋ ಅದೇ ತೀರ್ಮಾನಕ್ಕೆ ಅವರ ಒಪ್ಪಿಗೆಯೂ ಐತೆ ಅಂತ ದಾಖಲೆ ಆಗಿಬಿಟ್ಟಿತ್ತು. ಎರಡೂ ಒಟ್ಟಿಗೆ ಹೆಂಗೆ ಆಗುತ್ತೆ? ಹಿತಾಸಕ್ತಿ ಇದ್ರೆ ಅವರ ಹೆಸರು ಸರ್ವಾನುಮತದಲ್ಲಿ ಇರ್ಬಾರ್ದು, ಹೆಸರು ಬೇಕು ಅಂದ್ರೆ ಒಳಗೆ ಕೂರಿಸ್ಬೇಕಿತ್ತು.

ಜಗಳ ಆರೋಕೆ ಕಾಗದಾನೇ ಬೇಕಾಯ್ತು. ಮಾಹಿತಿ ಹಕ್ಕಲ್ಲಿ ನಡಾವಳಿ ಪ್ರತಿ ಕೇಳಿದ್ವಿ, ಬಿಪಿಎಲ್ ಕಾರ್ಡಿನೋರ ಹೆಸರಲ್ಲಿ ಹಾಕಿದ್ರೆ 10 ರೂಪಾಯಿ ಫೀನೂ ಇಲ್ಲ, 30 ದಿನದೊಳಗೆ ಕೊಡ್ಬೇಕು. ಅರ್ಜಿ ಹಾಕೋಕೆ ಮುಂಚೆ ಒಂದು ಮಾತು ಬರ್ದಿದ್ವಿ, 2005ರ ಮಾಹಿತಿ ಹಕ್ಕು ಕಾಯ್ದೆ 4ನೇ ಸೆಕ್ಷನ್ ಪ್ರಕಾರ ನಿಮ್ಮಲ್ಲಿ ಯಾವ್ಯಾವ ಸಮಿತಿ ಐತೆ, ಅದರ ಸಭೆಗೆ ಸಾರ್ವಜನಿಕರು ಬರಬಹುದಾ, ನಡಾವಳಿ ಜನಕ್ಕೆ ಸಿಗುತ್ತಾ ಅನ್ನೋದನ್ನ ಯಾರೂ ಕೇಳ್ದೇನೇ ಪ್ರಕಟ ಮಾಡ್ಬೇಕು ಅಂತ. ಉತ್ತರ ಬರ್ಲಿಲ್ಲ, ಅರ್ಜಿ ಹಾಕಿದ್ಮೇಲೆ ನಡಾವಳಿ ಮಾತ್ರ ಬಂತು. ಅದನ್ನ ಟ್ಯಾಂಕ್ ಕೆಳಗೆ ಜೋರಾಗಿ ಓದಿದ್ವಿ. ಹಿಂದಿನ ಯಜಮಾನರ ಕಾಲದ ನಡಾವಳಿ ಜೊತೆ ಪಕ್ಕಪಕ್ಕ ಇಟ್ಟು ಓದಿದಾಗ ಜನಕ್ಕೆ ಅರ್ಥ ಆಯ್ತು, ಎರಡರಲ್ಲೂ ಅದೇ ಸಾಲು, ಅದೇ "ಸರ್ವಾನುಮತದಿಂದ", ಟೈಪ್ ಮಾಡಿಟ್ಟ ಫಾರಂ ಅದು, ಯಾರು ಒಳಗಿದ್ರು ಯಾರು ಹೊರಗಿದ್ರು ಅನ್ನೋಕೆ ಅದರಲ್ಲಿ ಜಾಗಾನೇ ಇಲ್ಲ.

ಸಾಹೇಬ್ರ ವಾದ, ನಮ್ಮ ವಾದ

ಸಾಹೇಬ್ರನ್ನ ಖಳನಾಯಕ ಮಾಡೋದು ಸುಲಭ, ನಂಗೆ ಅದು ಇಷ್ಟ ಇಲ್ಲ. ಅವರ ವಾದ ಕಾನೂನಿನ ಹಳೇ ತತ್ವ, ತನ್ನ ಕೇಸಿಗೆ ತಾನೇ ಜಡ್ಜ್ ಆಗಬಾರದು. ಮೋಟಾರ್ ಬಾಮೈದನ ಕಥೆ ಆದ್ಮೇಲೆ ಅವರಿಗೆ ಆಡಿಟ್‌ನಿಂದ ಪ್ರಶ್ನೆ ಬಂದಿತ್ತು, ಉತ್ತರ ಕೊಟ್ಟು ಸುಸ್ತಾಗಿದ್ರು. ಆದ್ರೆ ಆ ತತ್ವಾನ ಈ ಥರ ಎಳೆದ್ರೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನೋಡಿ. ಪಾಲಿಕೆ ಸದಸ್ಯರು ಅದೇ ಊರಲ್ಲಿ ಮನೆ ಇಟ್ಕೊಂಡೇ ಮನೆ ಕಂದಾಯ ಜಾಸ್ತಿ ಮಾಡೋದರ ಬಗ್ಗೆ ಕೈ ಎತ್ತುತಾರೆ, ಅವರದ್ದೂ ಕಂದಾಯ ಏರುತ್ತೆ, ಯಾರಾದ್ರೂ ಹೊರಗೆ ಕೂತ್ಕಳಿ ಅಂದಿದ್ದು ಕೇಳಿದೀರಾ? ಹಂಗ್ ನೋಡಿದ್ರೆ 2025ರ ಮಾರ್ಚಲ್ಲಿ ನಮ್ಮ ಶಾಸಕರು ತಮ್ಮ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿಸೋ ಬಿಲ್ಲನ್ನ ತಾವೇ ಪಾಸ್ ಮಾಡ್ಕೊಂಡ್ರು, ವಿಧಾನಸೌಧದ ವರಾಂಡದ ಬೆಂಚ್ ಮೇಲೆ ಯಾರೂ ಕೂರ್ಲಿಲ್ಲ. 150 ರೂಪಾಯಿಗೆ ನಮ್ಮಕ್ಕ ಕೂತ್ರು.

ಇಲ್ಲಿ ಎರಡು ಥರದ ಹಿತಾಸಕ್ತಿ ಐತೆ. ಒಂದು ಮೋಟಾರ್ ರಿಪೇರಿ ಗುತ್ತಿಗೆ ನನ್ನ ಬಾಮೈದನಿಗೆ ಸಿಗ್ಲಿ ಅನ್ನೋದು. ಅದು ನನ್ನೊಬ್ಬನದು, ಆಗ ನಾನು ಎದ್ದು ಹೋಗ್ಲೇಬೇಕು. ಇನ್ನೊಂದು, ಶುಲ್ಕ ಏರಿದ್ರೆ ಕಾಲೋನಿಯ ಪ್ರತಿ ಮನೆಗೂ ಏರುತ್ತೆ, ಅದರಲ್ಲಿ ನಂದೂ ಒಂದು ಮನೆ. ಇದು ಎಲ್ರದ್ದು. ಈ ಎರಡನೇದನ್ನೂ ಸ್ವಾರ್ಥ ಅಂದ್ರೆ, ಪ್ರತಿನಿಧಿ ಆಗೋಕೆ ಅಲ್ಲಿ ವಾಸ ಇರ್ಬೇಕು ಅಂತ ಯಾಕೆ ನಿಯಮ ಮಾಡಿದ್ರಿ? ಬಾಡಿಗೆ ಕಟ್ಟೋರು ಅಂತಾನೇ ಕುರ್ಚಿ ಕೊಟ್ಟು, ಬಾಡಿಗೆ ಕಟ್ತಾರೆ ಅಂತಾನೇ ಕುರ್ಚಿಯಿಂದ ಎಬ್ಬಿಸಿದ್ರೆ ಉಳಿಯೋದು ಕಸದ ಬುಟ್ಟಿ, ಬೀದಿ ಲೈಟಿನ ವಿಷಯ ಅಷ್ಟೇ.

ಬೇರೆ ಕಡೆ ಹೆಂಗೈತೆ

ಶುಲ್ಕದ ವಿಷಯ ಮತ್ತೆ ಚರ್ಚೆಗೆ ತನ್ನಿ ಅಂತ ಸಮಿತಿಗೆ ಕೊಡೋ ಅರ್ಜಿಗೆ ಆಧಾರ ಬೇಕು ಅಂತ ಹುಡುಕ್ತಾ ಹೋದಾಗ ಇದೇ ತಕರಾರು ಅಮೆರಿಕದಲ್ಲಿ ಆಗಿ, ಅದಕ್ಕೆ ನಿಯಮಾನೂ ಬರ್ದಿಟ್ಟಿದಾರೆ ಅಂತ ಸಿಕ್ತು. ಅಲ್ಲಿ ಊರೂರಿಗೆ ಪಬ್ಲಿಕ್ ಹೌಸಿಂಗ್ ಅಥಾರಿಟಿ ಅಂತ ಇರ್ತವೆ, ಕಡಿಮೆ ಆದಾಯದೋರಿಗೆ ಸರ್ಕಾರಿ ಬಾಡಿಗೆ ಮನೆ ನೋಡ್ಕೊಳ್ಳೋವು. 1937ರ ಹೌಸಿಂಗ್ ಕಾಯ್ದೆಗೆ 1998ರಲ್ಲಿ ತಿದ್ದುಪಡಿ ತಂದು, ಅಥಾರಿಟಿಯ ಆಡಳಿತ ಮಂಡಳೀಲಿ ಕನಿಷ್ಠ ಒಬ್ರು ಅದೇ ಅಥಾರಿಟಿಯಿಂದ ನೇರವಾಗಿ ವಸತಿ ಸಹಾಯ ಪಡೀತಿರೋ ನಿವಾಸಿ ಇರ್ಲೇಬೇಕು ಅಂತ ಮಾಡಿದ್ರು. ಸಂಬಳ ತಗೊಂಡು ಪೂರ್ತಿ ಟೈಮ್ ಕೆಲಸ ಮಾಡೋ ಮಂಡಳಿ ಇರ್ಬೇಕು ಅಂತ ರಾಜ್ಯದ ಕಾನೂನು ಇರೋ ಕಡೆ ವಿನಾಯಿತಿ ಐತೆ. 300ಕ್ಕಿಂತ ಕಡಿಮೆ ಮನೆ ಇರೋ ಸಣ್ಣ ಅಥಾರಿಟಿಗೂ ವಿನಾಯಿತಿ, ಆದ್ರೆ ಸುಮ್ನೆ ಅಲ್ಲ, ಮೊದ್ಲು ನಿವಾಸಿಗಳ ಸಲಹಾ ಮಂಡಳಿಗೆ ತಿಳಿಸಿ ಕನಿಷ್ಠ 30 ದಿನ ಕಾಯ್ಬೇಕು, ಯಾರೂ ಬರ್ತೀನಿ ಅನ್ನದಿದ್ರೆ ಮಾತ್ರ. ಆ ಲೆಕ್ಕದಲ್ಲಿ ನಮ್ಮ ಕಾಲೋನಿ ಸಣ್ಣದೇ, ಆದ್ರೂ ನಮ್ಮಲ್ಲಿ ಕೈ ಎತ್ತೋಕೆ ಜನ ಕಮ್ಮಿ ಇಲ್ಲ.

ನಮಗೆ ಬೇಕಾಗಿದ್ದ ಸಾಲು ಅಲ್ಲಿನ ಕೇಂದ್ರ ವಸತಿ ಇಲಾಖೆ ನಿಯಮಾವಳಿ 964ನೇ ಭಾಗದಲ್ಲಿ ಸಿಕ್ತು. ನಿವಾಸಿ ಸದಸ್ಯರು ಆ ಮನೇಲಿ ಬಾಡಿಗೆಗಿದಾರೆ ಅನ್ನೋ ಕಾರಣ ಕೊಟ್ಟು, ಹಿತಾಸಕ್ತಿ ಘರ್ಷಣೆ ಆಗುತ್ತೆ ಅಂತ ಯಾವ ವಿಷಯದ ಚರ್ಚೆಯಿಂದಾನೂ ಅವರನ್ನ ಹೊರಗಿಡೋಹಂಗಿಲ್ಲ. ವಿಷಯ ಆ ಸದಸ್ಯರೊಬ್ಬರಿಗೇ ವೈಯಕ್ತಿಕವಾಗಿ ಸಂಬಂಧಪಟ್ಟಿದ್ದು, ಉಳಿದ ನಿವಾಸಿಗಳಿಗಾಗ್ಲಿ ಅವರಲ್ಲಿ ಒಂದು ಗುಂಪಿಗಾಗ್ಲಿ ಸಂಬಂಧ ಇಲ್ಲ ಅಂದ್ರೆ ಮಾತ್ರ ಹೊರಗಿಡಬಹುದು. ಬಾಮೈದನ ಕೇಸೂ ಅಕ್ಕನ ಕೇಸೂ ಎರಡನ್ನೂ ಕಂಡೇ ಬರ್ದಂಗಿದೆ! ಇನ್ನೊಂದು, ವಸತಿ ಸಹಾಯ ನಿಂತು ಹೋದ ಸದಸ್ಯರು ಅರ್ಹ ನಿವಾಸಿ ಅಲ್ಲ, ಅವರನ್ನ ತೆಗೀಬಹುದು, ಇಲ್ಲಾ ಅವಧಿ ಮುಗಿಸೋಕೆ ಬಿಡಬಹುದು, ನಿವಾಸಿ ಸದಸ್ಯರಾಗಿ ಮತ್ತೆ ನೇಮಿಸೋಹಂಗಿಲ್ಲ. ನಮ್ಮ ಯಜಮಾನರಂಥೋರು ಎಲ್ಲಾ ದೇಶದಲ್ಲೂ ಇರ್ತಾರೆ ಅಂತ ಕಾಣುತ್ತೆ. ಹಂಗಂತ ಅಲ್ಲೇನು ಸ್ವರ್ಗ ಇಲ್ಲ, ಕಾನೂನು ಕೇಳೋದು ಕನಿಷ್ಠ ಒಬ್ರನ್ನ, ಒಬ್ರೇ ಕೂತಾಗ ಧ್ವನಿ ಎಷ್ಟು ಕೇಳಿಸುತ್ತೆ ಅಂತ ನಮಗೂ ಗೊತ್ತು. ನ್ಯೂಯಾರ್ಕ್ ನಗರದ ಅಥಾರಿಟೀಲಿ ಏಳು ಜನರ ಮಂಡಳಿಗೆ ಮೂವರು ನಿವಾಸಿಗಳು. ಮೂವರಿದ್ರೆ ಒಬ್ರು ಕೆಲಸಕ್ಕೆ ಹೋದ್ರೂ ಇನ್ನಿಬ್ರು ಇರ್ತಾರೆ.

ಅಮೆರಿಕದ ನಿಯಮ ತೋರ್ಸಿದ್ರೆ ಆಫೀಸಲ್ಲಿ ನಗ್ತಾರೆ ಅಂತ ಸಂಘದಲ್ಲಿ ಒಬ್ಬ ಅಣ್ಣ ಹೇಳಿದ್ರು, ಸರಿಯಾಗೇ ಹೇಳಿದ್ರು. ಅದಕ್ಕೆ ನಮ್ಮಲ್ಲೇ ಇರೋದನ್ನ ಮುಂದಿಟ್ವಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೇಲಿ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇಕಡಾ 40 ಜನ ಬೀದಿ ವ್ಯಾಪಾರಿಗಳೇ ಇರ್ಬೇಕು, ಅವರೇ ಚುನಾವಣೆ ಮಾಡಿ ಆರಿಸ್ಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಣ್ಮಕ್ಕಳು. ತಳ್ಳೋಗಾಡಿಯೋರು ಗಾಡಿ ಎಲ್ಲಿ ನಿಲ್ಬೇಕು ಅನ್ನೋ ಮೀಟಿಂಗಲ್ಲಿ ಕೂರ್ತಾರೆ, ಅವರ ಹೊಟ್ಟೆಪಾಡಿನ ವಿಷಯಾನೇ ಅದು, ಅದಕ್ಕೇ ಅವರನ್ನ ಕೂರಿಸಿರೋದು. ಕರ್ನಾಟಕದ ಪಾಲಿಕೆ ಕಾಯ್ದೇಲಿ ವಾರ್ಡ್ ಸಮಿತಿಗೆ ನಾಮನಿರ್ದೇಶನ ಮಾಡೋ ಹತ್ತು ಜನರಲ್ಲಿ ಇಬ್ರು ನಿವಾಸಿ ಸಂಘಗಳ ಕಡೆಯೋರು. ಅಷ್ಟೆಲ್ಲ ಯಾಕೆ, ಹಾಲು ಒಕ್ಕೂಟ ನೋಡಿ, ನಮ್ಮ ಕಡೆಯ ರಾಬಕೊವಿ ಆಗ್ಲಿ ಇನ್ಯಾವುದೇ ಆಗ್ಲಿ, ಆಡಳಿತ ಮಂಡಳೀಲಿ ಹಾಲು ಹಾಕೋ ಸಂಘಗಳಿಂದ ಆರಿಸಿ ಬಂದೋರು ಕೂತು ಹಾಲಿನ ದರದ ಬಗ್ಗೆ ಮಾತಾಡ್ತಾರೆ. ಎಮ್ಮೆ ಇದ್ದೋರು ಎದ್ದು ಹೊರಗೆ ಹೋಗಿ ಅಂದ್ರೆ ಮಂಡಳೀಲಿ ಉಳಿಯೋರ್ಯಾರು?

ಅರ್ಜಿ ಕೊಟ್ಟ ಮೇಲೆ

ಅರ್ಜೀಲಿ ಕೇಳಿದ್ದು ಬಾಳ ಇಲ್ಲ. ಶುಲ್ಕದ ವಿಷಯ ಅಕ್ಕ ಇರೋವಾಗ ಮತ್ತೆ ಚರ್ಚೆಗೆ ಬರ್ಲಿ, ವೈಯಕ್ತಿಕ ಹಿತಾಸಕ್ತಿ ಬೇರೆ, ಎಲ್ಲಾ ನಿವಾಸಿಗಳಿಗೂ ಅನ್ವಯ ಆಗೋದು ಬೇರೆ ಅಂತ ಬೈಲಾದಲ್ಲಿ ಬರೀರಿ, ಅಜೆಂಡಾ ಕನ್ನಡದಲ್ಲಿ ಒಂದು ವಾರ ಮುಂಚೆ ಕೊಡಿ, ಯಾರು ಯಾವ ವಿಷಯಕ್ಕೆ ಎದ್ದು ಹೋದ್ರು, ಯಾರು ಒಪ್ಪಲಿಲ್ಲ ಅನ್ನೋದನ್ನ ನಡಾವಳೀಲಿ ಹಾಕಿ, ಪ್ರತಿನಿಧಿ ಒಬ್ಬರ ಬದ್ಲು ಇಬ್ರಾಗ್ಲಿ. ಮೀಟಿಂಗ್ ಟೈಮ್ ಬದಲಾಯಿಸಿ ಅಂತಾನೂ ಕೇಳಿದ್ವಿ, ಅದಕ್ಕೆ ಅಲ್ಲೇ ಬಾಯಲ್ಲೇ ಆಗಲ್ಲ ಅಂದ್ರು, ಆಫೀಸ್ ಟೈಮಲ್ಲೇ ಆಗ್ಬೇಕಂತೆ. ಅಕ್ಕನ ಅರ್ಧ ದಿನದ ದುಡ್ಡು ಸಂಘದಿಂದ ಕೊಡೋಣ ಅಂತ ಮಾತು ಬಂತು, ಅವರೇ ಬೇಡ ಅಂದ್ರು, ನಾಳೆ ಅದನ್ನೇ ಹಿಡ್ಕೊಂಡು ಆಡ್ಕೊತಾರೆ ಅಂತ.

ಸಾಹೇಬ್ರು ಮೊದ್ಲು ಬೇಜಾರಾದ್ರು, ಆಮೇಲೆ ನಡಾವಳೀಲಿ "ಸರ್ವಾನುಮತ" ಅಂತ ಬಂದಿರೋದು ನೋಡಿ ಅವರಿಗೇ ಸರಿ ಅನ್ನಿಸ್ಲಿಲ್ಲ. ವಿಷಯ ಮತ್ತೆ ಇಟ್ರು. ಆ ಎರಡನೇ ಮೀಟಿಂಗಲ್ಲಿ ಏನಾಯ್ತು ಅನ್ನೋದನ್ನ ಸ್ವಲ್ಪ ವಿವರವಾಗೇ ಹೇಳ್ಬೇಕು, ನಿವಾಸಿ ಒಳಗಿದ್ರೆ ಏನು ವ್ಯತ್ಯಾಸ ಅಂತ ಕೇಳೋರಿಗೆ ಉತ್ತರ ಅಲ್ಲೈತೆ.

ರಿಪೇರಿ ಗುತ್ತಿಗೆಯ ಎಸ್ಟಿಮೇಟಲ್ಲಿ ಪ್ರತಿ ಸಂಪಿಗೆ ಎರಡೆರಡು ಮೋಟಾರು ತೋರ್ಸಿದ್ರು, ಒಂದು ಓಡೋದು, ಒಂದು ಸ್ಟ್ಯಾಂಡ್‌ಬೈ. ಅಕ್ಕ ಹಾಳೆ ನೋಡಿ, "ಸಾರ್, ನಮ್ಮ ಸಂಪಿನ ಎರಡನೇ ಮೋಟಾರು ಸುಟ್ಟು ಹೋಗಿ ಮೂಲೇಲಿ ಬಿದ್ದೈತೆ, ಯುಗಾದಿಗೆ ಮುಂಚಿನಿಂದ. ಹುಡುಗ್ರು ಅದರ ಮೇಲೆ ಚಪ್ಪಲಿ ಬಿಡ್ತಾರೆ. ಅದಕ್ಕೂ ವರ್ಷದ ರಿಪೇರಿ ದುಡ್ಡಾ?" ಅಂದ್ರು. ಕೋಣೆ ತಣ್ಣಗಾಯ್ತಂತೆ. ಆಮೇಲೆ ಮೋಟಾರ್ ಯಾಕೆ ಸುಡುತ್ತೆ ಅನ್ನೋದಕ್ಕೆ ಬಂತು ಮಾತು. ಆಫೀಸಿನೋರ ಪ್ರಕಾರ ವೋಲ್ಟೇಜು. ಅಕ್ಕ ಹೇಳಿದ್ದು ಬೇರೆ. ಪಾಲಿಕೆ ನೀರು ದಿನಾ ಬರಲ್ಲ, ಬಳ್ಳಾರಿಯೋರಿಗೆ ಹೇಳೋದೇ ಬೇಡ ಬಿಡಿ, ಬಂದ್ರೂ ಎಷ್ಟೋ ಸಲ ಸರಿರಾತ್ರಿ. ನಿದ್ದೆಗಣ್ಣಲ್ಲಿ ಎದ್ದು ಯಾರೋ ಮೋಟಾರ್ ಹಾಕ್ತಾರೆ, ಮಲಗಿಬಿಡ್ತಾರೆ, ಸಂಪಲ್ಲಿ ನೀರು ಖಾಲಿಯಾದ್ರೂ ಮೋಟಾರ್ ಒಣಗಿದ್ದಂಗೇ ಓಡ್ತಾ ಇರುತ್ತೆ, ಬೆಳಗ್ಗೆ ಸುಟ್ಟ ವಾಸನೆ. ನೀರು ಮುಗಿದ್ರೆ ತಾನೇ ಆಫ್ ಆಗೋ ಸ್ವಿಚ್ ಹಾಕಿಸಿ ಸಾರ್, ವರ್ಷ ವರ್ಷ ರೀವೈಂಡಿಂಗ್ ಮಾಡ್ಸೋ ದುಡ್ಡಲ್ಲಿ ಎಷ್ಟು ಬರ್ತವೆ ಅಂತ. ಪಾಲಿಕೆ ಕಡೆಯೋರು ಹೌದು ಹೌದು ಅಂದ್ರು. ಅಷ್ಟು ವರ್ಷದ ಬಿಲ್ಲಿಗೆ ಕಾರಣ ಆ ಕೋಣೇಲಿ ಯಾರಿಗೂ ಗೊತ್ತಿರ್ಲಿಲ್ಲ, ರಾತ್ರಿ ಎದ್ದು ಕೊಡ ಹಿಡ್ದೋರಿಗೆ ಮಾತ್ರ ಗೊತ್ತಿತ್ತು.

ಅದೇ ಮೀಟಿಂಗಲ್ಲಿ ಅಕ್ಕನಿಗೂ ಒಂದು ವಿಷಯ ಗೊತ್ತಾಯ್ತು, ಇದನ್ನೂ ಹೇಳ್ಬೇಕು. ಗೃಹಜ್ಯೋತಿ ಬಂದ್ಮೇಲೆ ಮನೆ ಕರೆಂಟ್ ಬಿಲ್ಲು ಸೊನ್ನೆ ಆಗಿತ್ತು, ಹಂಗಾಗಿ ಕಾಲೋನಿಯೋರು "ಕರೆಂಟೇ ಫ್ರೀ, ಮತ್ಯಾಕೆ ಇವರಿಗೆ ದುಡ್ಡು" ಅಂತಿದ್ರು. ಮೋಟಾರುಗಳ ಕಾಮನ್ ಮೀಟರಿಗೆ ಜೆಸ್ಕಾಂ ಬಿಲ್ಲು ಪ್ರತಿ ತಿಂಗಳು ಬರ್ತಾನೇ ಐತೆ, 150 ರೂಪಾಯೀಲಿ ದೊಡ್ಡ ಪಾಲು ಅದಕ್ಕೇ ಹೋಗ್ತೈತೆ ಅಂತ ಲೆಕ್ಕದೋರು ಬಿಲ್ಲುಗಳನ್ನ ಮುಂದಿಟ್ಟು ತೋರಿಸಿದ್ರು. ಅಕ್ಕ ಬಂದು ಟ್ಯಾಂಕ್ ಕೆಳಗೆ ಅದನ್ನ ಹೇಳಿದಾಗ ಮತ್ತೆ ಬೈಗುಳ, "ಈಗ ಅವರ ಪರ ಮಾತಾಡ್ತೀಯಲ್ಲ". ಆದ್ರೆ ಬಿಲ್ಲಿನ ಜೆರಾಕ್ಸ್ ಕೈಯಲ್ಲಿತ್ತು, ಒಬ್ಬೊಬ್ರೇ ಓದಿದ್ರು, ಗೊಣಗಾಟ ಇಳೀತು. ಇದೇ ಮಾತನ್ನ ಸಾಹೇಬ್ರು ಬಂದು ಹೇಳಿದ್ರೆ ಒಬ್ರೂ ನಂಬ್ತಿರ್ಲಿಲ್ಲ. ಆಫೀಸಿಗೂ ಪ್ರತಿನಿಧಿ ಬೇಕು ಅನ್ನೋದು ಅವರಿಗೆ ಅವತ್ತು ತಿಳೀತೋ ಇಲ್ವೋ ನಂಗೊತ್ತಿಲ್ಲ.

ಶುಲ್ಕ 200 ರೂಪಾಯಿ ಅಂತ ಆಯ್ತು. ಅಕ್ಕ ಅದಕ್ಕೂ ಪೂರ್ತಿ ಒಪ್ಪಲಿಲ್ಲ, 180 ಸಾಕು ಅಂತ ಬರೆಸಿದ್ರು, ಮೊದಲನೇ ಸಲ ನಡಾವಳೀಲಿ "ಒಬ್ಬ ಸದಸ್ಯರ ಭಿನ್ನಾಭಿಪ್ರಾಯ" ಅಂತ ಬಂತು. ಅಜೆಂಡಾ ಕನ್ನಡದಲ್ಲಿ ಬರೋಕೆ ಶುರುವಾಯ್ತು, ವಾರ ಮುಂಚೆ ಅಲ್ಲ, ಎರಡ್ಮೂರು ದಿನ ಮುಂಚೆ, ವಾಟ್ಸಾಪಲ್ಲಿ. ಇಬ್ರು ಪ್ರತಿನಿಧಿ ಅನ್ನೋದು ಆಗ್ಲಿಲ್ಲ. ಬೈಲಾ ತಿದ್ದುಪಡಿ "ಮೇಲಿನ ಕಚೇರಿಗೆ ಕಳಿಸಲಾಗಿದೆ". ಅಲ್ಲೇ ಐತೆ ಇನ್ನೂ.

ಈಗಿನ ಸ್ಥಿತಿ

ಬರ್ದಿಲ್ಲದ ನಿಯಮಕ್ಕೆ ಆಯಸ್ಸು ಎಷ್ಟು ಅಂದ್ರೆ ಸಾಹೇಬ್ರ ಟ್ರಾನ್ಸ್‌ಫರ್ ಆಗೋವರೆಗೆ. ಆ ಎಂಜಿನಿಯರ್ ಬೇರೆ ಜಿಲ್ಲೆಗೆ ಹೋದ್ರು, ಹೊಸಬ್ರು ಬಂದು ಹಳೇ ಫೈಲ್ ಓದಿ ಹೊಸ ತಕರಾರು ತೆಗೆದ್ರು, ಅಕ್ಕನ ಮನೆ ಮೇಲೆ ಶುಲ್ಕ ಬಾಕಿ ಐತೆ, ಸಹಕಾರ ಸಂಘದಲ್ಲಿ ಸುಸ್ತಿದಾರರು ನಿರ್ದೇಶಕರಾಗೋಹಂಗಿಲ್ಲ, ಇಲ್ಲೂ ಹಂಗೇ ಅಂತ. ಸಹಕಾರ ಕಾಯ್ದೇಲಿ ಆ ನಿಯಮ ಇರೋದು ನಿಜ, ಅವರು ಗಾಳೀಲಿ ಹೇಳಿದ್ದಲ್ಲ. ಆದ್ರೆ ಬಾಕಿ ಯಾವ್ದು ಅಂತ ನೋಡಿ: ಮೊದಲ ತೀರ್ಮಾನಕ್ಕೂ ಎರಡನೇ ತೀರ್ಮಾನಕ್ಕೂ ಮಧ್ಯೆ ಇದ್ದ ತಿಂಗಳುಗಳಲ್ಲಿ ಅಕ್ಕ, ಬಾಳಷ್ಟು ಮನೆಯೋರ ಥರಾನೇ, ಹಳೇ 150 ರೂಪಾಯಿ ಕಟ್ಟಿದ್ರು. ಲೆಕ್ಕದ ಪುಸ್ತಕದಲ್ಲಿ ಆ ತಿಂಗಳುಗಳಿಗೆ 300 ಅಂತಾನೇ ಐತೆ, 200 ಅನ್ನೋ ತೀರ್ಮಾನ ಹಿಂದಿನ ತಾರೀಕಿಗೆ ಅನ್ವಯ ಅಂತ ಯಾರೂ ಬರೀಲಿಲ್ಲ. ಅವರನ್ನ ಹೊರಗೆ ಕೂರಿಸಿ ಮಾಡಿದ ತೀರ್ಮಾನದಿಂದ ಹುಟ್ಟಿದ ಬಾಕಿ, ಈಗ ಅವರನ್ನ ಶಾಶ್ವತವಾಗಿ ಹೊರಗೆ ಹಾಕೋಕೆ ಕಾರಣ.

ಸುಸ್ತಿದಾರರು ಪ್ರತಿನಿಧಿ ಆಗಬಾರದು ಅನ್ನೋ ನಿಯಮ ಇಡೋದೇ ಆದ್ರೆ ಇಡ್ಲಿ, ನನ್ನ ವಿರೋಧ ಇಲ್ಲ. ಮೊದ್ಲು ನೋಟಿಸ್ ಕೊಡ್ಬೇಕು, ಕಟ್ಟೋಕೆ ಟೈಮ್ ಕೊಡ್ಬೇಕು, ತಕರಾರಿರೋ ಮೊತ್ತ ಲೆಕ್ಕಕ್ಕೆ ತಗೋಬಾರ್ದು. ಇಲ್ಲಾಂದ್ರೆ ಶುಲ್ಕದ ಬಗ್ಗೆ ಬಾಯಿ ಬಿಡೋ ಪ್ರತಿನಿಧಿನೆಲ್ಲ ಇದೇ ದಾರೀಲಿ ಕಳಿಸಬಹುದು.

ಮುಂದಿನ ಮೀಟಿಂಗ್ ಅಜೆಂಡಾದಲ್ಲಿ "ನಿವಾಸಿ ಪ್ರತಿನಿಧಿಯ ಬಾಕಿ ಹಾಗೂ ಸದಸ್ಯತ್ವ" ಅಂತ ಒಂದೇ ವಿಷಯ ಮಾಡಿ ಹಾಕಿದಾರೆ. ಅದನ್ನ ಎರಡು ಮಾಡಿ ಅಂತ ಪತ್ರ ಕೊಟ್ಟಿದೀವಿ. ಆ ತಿಂಗಳುಗಳ ಶುಲ್ಕ 150ಆ, 200ಆ, 300ಆ ಅನ್ನೋದು ಬಾಳ ಮನೆಗಳ ಪ್ರಶ್ನೆ, ಅದನ್ನ ಮೊದ್ಲು ತಗೊಳ್ಳಿ, ಅದಕ್ಕೆ ಅಕ್ಕ ಒಳಗಿರ್ತಾರೆ, ಮಾತಾಡ್ತಾರೆ, ಬೇಕಾದ್ರೆ ಭಿನ್ನಾಭಿಪ್ರಾಯ ಬರೆಸ್ತಾರೆ. ಅವರ ಸದಸ್ಯತ್ವ ಇರ್ಬೇಕಾ ಹೋಗ್ಬೇಕಾ ಅನ್ನೋದು ಅವರೊಬ್ಬರದು, ತಮ್ಮ ಮಾತು ಹೇಳಿ ಆ ಒಂದಕ್ಕೆ ಎದ್ದು ಹೋಗ್ತೀನಿ ಅಂತ ಅವರೇ ಹೇಳಿದಾರೆ, ಹೋದ ಟೈಮು ಬಂದ ಟೈಮು ಎರಡೂ ನಡಾವಳೀಲಿ ಬರೀಬೇಕು ಅಂತಾನೂ ಪತ್ರದಲ್ಲಿ ಹಾಕಿಸಿದಾರೆ. ಪತ್ರಕ್ಕೆ ಸ್ವೀಕೃತಿ ಸೀಲು ಬಿದ್ದಿದೆ, ಮೀಟಿಂಗ್ ತಾರೀಕು ಇನ್ನೂ ಹೇಳಿಲ್ಲ.